ಎಥೆನಾಲ್ ಬಂದರೂ ಮೆಕ್ಕೆಜೋಳಕ್ಕೆ ಬೆಲೆ ಯಾಕಿಲ್ಲ?

ಕೊಟ್ಟೂರು: ತಾಲ್ಲೂಕಿನಲ್ಲಿ ಮೆಕ್ಕೆಜೋಳದ ರಾಶಿ ಮುಗಿದರೆ ಮೊದಲು ಬೀಜ-ಗೊಬ್ಬರದ ಅಂಗಡಿಯ ಉದ್ರಿ ಚುಕ್ತಾ ಆಗುತ್ತೆ, ಆಮೇಲೆ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ. ಕೊಟ್ಟೂರೇಶ್ವರ ತೇರಿನ ಹೊತ್ತಿನ ವ್ಯಾಪಾರವೂ ಇದರ ಮೇಲೇ ನಿಂತಿದೆ. 2025ರ ಸುಗ್ಗಿಯಲ್ಲಿ ಈ ಲೆಕ್ಕ ತಪ್ಪಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂ. ಇದ್ದರೂ ರಾಜ್ಯದ ಮಾರುಕಟ್ಟೆಗಳಲ್ಲಿ ಸಿಕ್ಕಿದ್ದು 1,600ರಿಂದ 1,800 ರೂ. ಕೊನೆಗೆ ಕೆಎಂಎಫ್ ಮತ್ತು ಡಿಸ್ಟಿಲರಿಗಳನ್ನು ಖರೀದಿಗೆ ಇಳಿಸಲು ಸರ್ಕಾರವೇ ಮುಂದಾಗಬೇಕಾಯಿತು.

ಇದೇ ಮೆಕ್ಕೆಜೋಳವನ್ನು ನಾಳೆಯ ಇಂಧನ ಎಂದು ಹೇಳಲಾಗಿತ್ತು. ಪೆಟ್ರೋಲ್‌ಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ 2030ರಿಂದ 2025ಕ್ಕೆ ಎಳೆದು ತಂದು ಮುಟ್ಟಿಯೂ ಆಯಿತು. ಬೇಡಿಕೆಯಿಂದ 2024ರಲ್ಲಿ ಬೆಲೆ ಏರಿದ್ದನ್ನು ನೋಡಿ ರೈತರು ಮುಂದಿನ ವರ್ಷ ಹೆಚ್ಚು ಬಿತ್ತಿದರು. ಲೂಧಿಯಾನದ ಭಾರತೀಯ ಮೆಕ್ಕೆಜೋಳ ಸಂಶೋಧನಾ ಸಂಸ್ಥೆ ಎಥೆನಾಲ್ ಕಾರ್ಖಾನೆಗಳ ಸುತ್ತಲಿನ ಹೊಲಗಳಲ್ಲಿ ಇಳುವರಿ ಹೆಚ್ಚಿಸುವ ಯೋಜನೆಯನ್ನೇ ಕೈಗೆತ್ತಿಕೊಂಡಿತು. ವಿಜ್ಞಾನಿಗಳೂ ಕಾರ್ಖಾನೆಯವರೂ ಕೈಜೋಡಿಸಿದ್ದು ಒಳ್ಳೆಯದೇ. ಆದರೆ ಇಳುವರಿ ಹೆಚ್ಚಿದ ಮೇಲೆ ಕೊಳ್ಳೋರು ಯಾರು?

2025-26ಕ್ಕೆ ಡಿಸ್ಟಿಲರಿಗಳು ಸುಮಾರು 1,776 ಕೋಟಿ ಲೀಟರ್ ಎಥೆನಾಲ್ ಕೊಡಲು ಮುಂದೆ ಬಂದರೆ, ತೈಲ ಕಂಪನಿಗಳು ಹಂಚಿದ್ದು ಸುಮಾರು 1,050 ಕೋಟಿ ಲೀಟರ್. ಅದರಲ್ಲಿ ಮೆಕ್ಕೆಜೋಳದ ಪಾಲು ಶೇ 45ರ ಆಸುಪಾಸು. ಉಳಿದದ್ದಕ್ಕೆ ಅಕ್ಕಿ, ಕಬ್ಬು ಎಲ್ಲವೂ ಸಾಲಿನಲ್ಲಿವೆ. ಪೆಟ್ರೋಲ್ ಬಂಕಿನಲ್ಲಿ ಮಿತಿ ಬಿದ್ದರೆ ಅದು ಹೊಲದವರೆಗೂ ತಟ್ಟುತ್ತದೆ.

ಕಾರ್ಖಾನೆಯ ಲೆಕ್ಕವನ್ನೂ ನೋಡಬೇಕು. ಒಂದು ಕ್ವಿಂಟಲ್ ಕಾಳಿನಿಂದ ಸುಮಾರು 38 ಲೀಟರ್ ಎಥೆನಾಲ್ ಬರುತ್ತದೆ. ಲೀಟರ್‌ಗೆ 71.86 ರೂ.ನಂತೆ ಸುಮಾರು 2,730 ರೂ. ಕಾಳನ್ನು 2,400ಕ್ಕೆ ಕೊಂಡರೆ ಉಳಿಯುವುದು 330 ರೂ. ಕರೆಂಟು, ಉರುವಲು, ಕೂಲಿ ಎಲ್ಲಾ ಅದರಲ್ಲೇ ಆಗಬೇಕು. ಮೇಲೆ ಸಿಗುವುದು ಪಶು, ಕೋಳಿ ಆಹಾರಕ್ಕೆ ಹೋಗುವ ಶೇಷದ ಹಣ. ಹಾಗಾಗಿ ಅವರು ಒಣಗಿದ, ಬೂಷ್ಟು ಹಿಡಿಯದ ಕಾಳನ್ನೇ ಕೇಳುತ್ತಾರೆ. ಬೂಷ್ಟಿನ ವಿಷ ಎಥೆನಾಲ್ ತೆಗೆದ ಮೇಲೂ ಹೋಗಲ್ಲ, ಶೇಷದಲ್ಲಿ ಇನ್ನೂ ಗಟ್ಟಿಯಾಗಿ ಉಳಿಯುತ್ತದೆ.

ವಿಶ್ವವಿದ್ಯಾಲಯದ ನಿಜವಾದ ಕೆಲಸ ಇಲ್ಲಿದೆ. ನಮ್ಮಲ್ಲಿ ಒಣಗಿಸುವ ಕಣವೆಂದರೆ ಡಾಂಬರು ರಸ್ತೆ. ಮಳೆ ಬಂದರೆ ತಾಡಪಾಲು. ತೇವಾಂಶ ಶೇ 14 ಇರಬೇಕಾದ ಕಡೆ 20 ಇದ್ದರೆ, ನೂರು ಕೆ.ಜಿ. ಕಾಳು ಲೆಕ್ಕಕ್ಕೆ 93 ಕೆ.ಜಿ. ಆಗುತ್ತದೆ. 2,400ರ ದರದಲ್ಲಿ ಆ ಏಳು ಕೆ.ಜಿ.ಯ ಬೆಲೆ 168 ರೂ. ದರ ಇಳಿಸಲು ಅದೊಂದೇ ನೆಪ ಸಾಕು, ಅಳೆಯುವ ಯಂತ್ರ ಮಾತ್ರ ಕೊಳ್ಳುವವರ ಕೈಯಲ್ಲಿದೆ.

ಈ ಭಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತದೆ. ಹೊಸ ತಳಿಯ ಪ್ರಾತ್ಯಕ್ಷಿಕೆಗಿಂತ ಮೊದಲು ಎಪಿಎಂಸಿ ಪ್ರಾಂಗಣದಲ್ಲಿ ಎಲ್ಲರೆದುರು ತೇವಾಂಶ ಅಳೆಯುವ ವ್ಯವಸ್ಥೆ, ಬಾಡಿಗೆಗೆ ಒಣಗಿಸುವ ಯಂತ್ರ, ಬೂಷ್ಟಿನ ಪರೀಕ್ಷೆ ಆದರೆ ಸಣ್ಣ ರೈತನಿಗೂ ಪ್ರಯೋಜನ. ಯಂತ್ರದ ಖರ್ಚಿನಲ್ಲಿ ಡಿಸ್ಟಿಲರಿ ಪಾಲು ಹಾಕಲಿ, ಒಳ್ಳೆ ಕಾಳು ಸಿಗುವುದು ಅವರಿಗೇ. ಜೊತೆಗೆ ಎಷ್ಟು ಕ್ವಿಂಟಲ್, ಯಾವ ದರಕ್ಕೆ ಕೊಳ್ಳುತ್ತೇವೆ ಅನ್ನೋದನ್ನು ಬಿತ್ತನೆಗೆ ಮುಂಚೆ, ಅಂದರೆ ಜೂನ್ ಒಳಗೆ, ರೈತ ಉತ್ಪಾದಕ ಸಂಘಗಳಿಗೆ ಬರೆದುಕೊಡಬೇಕು. ಬೀಜದ ಅಂಗಡಿಯಲ್ಲಿ ಉದ್ರಿ ಬರೆಸುವುದು ಆ ತಿಂಗಳಲ್ಲೇ.