ಎಡಗಡೆ ಹೋಗು ಎಂದರೆ ಸಾಕೆ?

ಸೈಕಲ್ ಏರಿ ಶಾಲೆಗೆ ಹೊರಟ ಮಕ್ಕಳಿಗೆ ಬಾಗಿಲಲ್ಲಿ ನಿಂತ ತಾಯಂದಿರು ಹೇಳುವ ಮಾತು ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ: "ಹುಷಾರು, ಎಡಗಡೆಯಲ್ಲೇ ಹೋಗು." ಮಾತು ಸರಿಯಾದದ್ದೇ. ಆದರೆ ಬೆಂಗಳೂರಿನಂಥ ಊರಿನಲ್ಲಿ ಅದು ಅರ್ಧ ಮಾತು. ಉಳಿದರ್ಧವನ್ನು ಹೇಳಿಕೊಡುವವರು ಯಾರು?

ಸ್ಕೂಟರ್ ಓಡಿಸಲು ಪರವಾನಗಿ ಬೇಕು. ಅದನ್ನು ಪಡೆಯಲು ಅಧಿಕಾರಿಗಳ ಮುಂದೆ ಗಾಡಿ ಓಡಿಸಿ ತೋರಿಸಬೇಕು. ಸೈಕಲ್ಲಿಗೆ ಪರವಾನಗಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಮೊಣಕಾಲು ತರಚಿಕೊಂಡು, ಬಿದ್ದು ಎದ್ದು, ಒಂದು ದಿನ ಸಮತೋಲನ ಸಿಕ್ಕಿತೆಂದರೆ ಕಲಿಕೆ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ಆ ದಿನ ಮುಗಿಯುವುದು ಮೈದಾನದ ಪಾಠ ಮಾತ್ರ. ರಸ್ತೆಯ ಪಾಠ ಬೇರೆಯೇ ಇದೆ. ಅದರ ಬಹುಪಾಲು ಹೈಸ್ಕೂಲಿನ ವಿಜ್ಞಾನ ಮತ್ತು ಗಣಿತದ ಪುಸ್ತಕಗಳಲ್ಲೇ ಅಡಗಿದೆ ಎಂಬುದು ಸ್ವಾರಸ್ಯದ ಸಂಗತಿ.

ಒದ್ದೆ ಚಕ್ರದ ಗುರುತು

ಮನೆಯ ಅಂಗಳದಲ್ಲೋ ಶಾಲೆಯ ಸಿಮೆಂಟ್ ನೆಲದ ಮೇಲೋ ಒಂದು ಸಣ್ಣ ಪ್ರಯೋಗ ಮಾಡಬಹುದು. ಸೈಕಲ್ಲಿನ ಎರಡೂ ಚಕ್ರಗಳನ್ನು ನೀರಿನಲ್ಲಿ ಒದ್ದೆ ಮಾಡಿ, ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ, ನಿಧಾನವಾಗಿ ತಳ್ಳಿಕೊಂಡು ಒಂದು ಸುತ್ತು ಬನ್ನಿ. ನಂತರ ನೆಲ ನೋಡಿ. ಅಲ್ಲಿ ಒಂದು ಗೆರೆಯಲ್ಲ, ಎರಡು ಗೆರೆಗಳಿರುತ್ತವೆ. ಹಿಂದಿನ ಚಕ್ರ ಮುಂದಿನ ಚಕ್ರದ ಹಾದಿಯಲ್ಲಿ ಬರುವುದೇ ಇಲ್ಲ. ಅದು ತಿರುವಿನ ಒಳಮಗ್ಗುಲಿನಿಂದ, ಚಿಕ್ಕ ವೃತ್ತದಲ್ಲಿ ಬರುತ್ತದೆ.

ಇದಕ್ಕೆ ಕಾರಣ ಸರಳ. ಮುಂದಿನ ಚಕ್ರ ಬೇಕಾದತ್ತ ಹೊರಳುತ್ತದೆ. ಹಿಂದಿನದಕ್ಕೆ ಆ ಸ್ವಾತಂತ್ರ್ಯವಿಲ್ಲ, ಅದು ಎಳೆದತ್ತ ಹೋಗಬೇಕು. ವೃತ್ತದ ಕೇಂದ್ರದಿಂದ ಮುಂದಿನ ಚಕ್ರಕ್ಕೆ ಒಂದು ಗೆರೆ, ಹಿಂದಿನ ಚಕ್ರಕ್ಕೆ ಇನ್ನೊಂದು ಗೆರೆ ಎಳೆದರೆ ಒಂದು ಲಂಬಕೋನ ತ್ರಿಭುಜವಾಗುತ್ತದೆ. ಮುಂದಿನ ಚಕ್ರದ ತ್ರಿಜ್ಯವೇ ಅದರ ವಿಕರ್ಣ. ಚಕ್ರಗಳ ನಡುವಿನ ಅಂತರ ಒಂದು ಭುಜ, ಹಿಂದಿನ ಚಕ್ರದ ತ್ರಿಜ್ಯ ಇನ್ನೊಂದು ಭುಜ. ಮುಂದಿನದು ಪೈಥಾಗೊರಸನ ಪ್ರಮೇಯದ ಕೆಲಸ.

ಸೈಕಲ್ಲಿನ ಎರಡು ಚಕ್ರಗಳ ನಡುವೆ ಸುಮಾರು 1 ಮೀಟರ್ ಅಂತರ. ಮುಂದಿನ ಚಕ್ರ 3 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಹಿಂದಿನದು ಸುಮಾರು 17 ಸೆಂಟಿಮೀಟರ್ ಒಳಗೆ ಸರಿಯುತ್ತದೆ, ಅಂದರೆ ಒಂದು ಗೇಣಿಗಿಂತ ಕಡಿಮೆ. ಈಗ ಸೈಕಲ್ಲಿನ ಜಾಗದಲ್ಲಿ ದೊಡ್ಡ ಬಸ್ಸನ್ನು ಇಡೋಣ. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 6 ಮೀಟರ್ ಎನ್ನಿ. ಮುಂದಿನ ಚಕ್ರ 12 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗಿದರೆ ಹಿಂದಿನ ಚಕ್ರದ ತ್ರಿಜ್ಯ ಸುಮಾರು 10.4 ಮೀಟರ್. ಹಿಂದಿನ ಚಕ್ರ 1.6 ಮೀಟರ್ ಒಳಗೆ ಬಂತು! ರಸ್ತೆಯ ಮೂಲೆಯಲ್ಲಿ ಬಸ್ಸು ಪೂರ್ತಿ ವೃತ್ತ ಸುತ್ತುವುದಿಲ್ಲವಾದ್ದರಿಂದ ಈ ಅಂತರ ಸ್ವಲ್ಪ ಕಡಿಮೆಯಿರಬಹುದು. ಆದರೂ ಒಂದು ಸೈಕಲ್ ನಿಲ್ಲುವ ಜಾಗವನ್ನು ನುಂಗಲು ಅಷ್ಟು ಸಾಕು.

ತಾಯಿ ಹೇಳಿದ ಮಾತಿನ ಉಳಿದರ್ಧ ಇರುವುದು ಇಲ್ಲೇ. ಎಡಕ್ಕೆ ತಿರುಗುವ ಬಸ್ಸಿನ ಒಳಮಗ್ಗುಲು ಎಂದರೆ ಅದರ ಎಡಗಡೆ. ಸೈಕಲ್ ಸವಾರರೆಲ್ಲ ಇರುವುದೂ ಆ ಎಡಗಡೆಯಲ್ಲೇ. ಉದ್ದನೆಯ ಬಸ್ಸನ್ನು ಇಕ್ಕಟ್ಟಿನ ಮೂಲೆಯಲ್ಲಿ ತಿರುಗಿಸಬೇಕಾದ ಚಾಲಕರು ಮೊದಲು ಸ್ವಲ್ಪ ಬಲಕ್ಕೆ ಹೋಗಿ, ಆಮೇಲೆ ಎಡಕ್ಕೆ ಹೊರಳಿಸುತ್ತಾರೆ. ಆಗ ಎಡಗಡೆ ದಾರಿ ಬಿಟ್ಟಂತೆ ಕಾಣುತ್ತದೆ. ಗಂಟೆ ಹೊಡೆಯುವುದರೊಳಗೆ ಶಾಲೆ ಸೇರುವ ಅವಸರದಲ್ಲಿರುವ ಹುಡುಗ ಅಲ್ಲಿಗೆ ನುಗ್ಗುತ್ತಾನೆ. ಎತ್ತರದ ಸೀಟಿನಲ್ಲಿ ಕುಳಿತ ಚಾಲಕನಿಗೆ ಬಸ್ಸಿನ ಎಡಮೈಗೆ ಅಂಟಿದಂತಿರುವ ಸೈಕಲ್ ಕಾಣದೆ ಹೋಗಬಹುದು. ಮುಂದಿನ ಚಕ್ರ ದಾಟಿತಲ್ಲ, ಇನ್ನೇನು ಭಯವಿಲ್ಲ ಎಂದುಕೊಳ್ಳುವ ಹೊತ್ತಿಗೆ ಹಿಂದಿನ ಚಕ್ರ ಒಳಗೆ ಸರಿದಿರುತ್ತದೆ.

ಆದ್ದರಿಂದ ಬುದ್ಧಿಮಾತು ಹೀಗಿರಬೇಕು: ರಸ್ತೆಯಲ್ಲಿ ಎಡಗಡೆ ಹೋಗು, ತಿರುಗುವ ಬಸ್ಸು, ಲಾರಿಗಳ ಎಡಗಡೆ ಮಾತ್ರ ಹೋಗಬೇಡ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಿದ್ದರೆ ಅದರ ಪಕ್ಕ ತೂರಿಕೊಂಡು ಮುಂದೆ ಹೋಗುವ ಬದಲು ಹಿಂದೆಯೇ ನಿಲ್ಲಬೇಕು. ಕಳೆಯುವುದು ಅರ್ಧ ನಿಮಿಷ ಮಾತ್ರ.

ಇಳಿಜಾರಿನ ಲೆಕ್ಕ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆದರೆ ಊರು ಮೇಜಿನಂತೆ ಮಟ್ಟಸವಾಗಿಲ್ಲ. ನೀರು ಒಂದೆಡೆ ವೃಷಭಾವತಿ ಕಣಿವೆಗೆ, ಇನ್ನೊಂದೆಡೆ ಹೆಬ್ಬಾಳ ಕಣಿವೆಗೆ, ಮತ್ತೊಂದೆಡೆ ಕೋರಮಂಗಲ-ಚಲ್ಲಘಟ್ಟ ಕಣಿವೆಗೆ ಹರಿಯುತ್ತದೆ. ಕಾರಿನಲ್ಲಿ ಹೋಗುವವರಿಗೆ ಈ ಏರಿಳಿತ ಗೊತ್ತಾಗುವುದಿಲ್ಲ. ಸೈಕಲ್ ತುಳಿಯುವವರ ತೊಡೆಗಳಿಗೆ ಮಾತ್ರ ಊರಿನ ಭೂಗೋಳ ಬಾಯಿಪಾಠ.

ಏರು ದಣಿಸುತ್ತದೆ, ಆದರೆ ಅಪಾಯ ತರುವುದು ಇಳಿಜಾರು. ಪೆಡಲ್ ತುಳಿಯದೆ ಗಾಳಿಗೆ ಮುಖವೊಡ್ಡಿ ಇಳಿಯುವ ಸುಖ ಯಾರಿಗೆ ಬೇಡ? ಆದರೆ ಇಳಿಜಾರಿನ ಕೊನೆಯಲ್ಲಿ ಒಂದು ಸಿಗ್ನಲ್ ಇದ್ದರೆ ಲೆಕ್ಕ ಹಾಕಬೇಕಾಗುತ್ತದೆ. ಕಣ್ಣು ಕಂಡದ್ದನ್ನು ಮಿದುಳು ಅರಿತು, ಕೈ ಬ್ರೇಕ್ ಒತ್ತುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆಯುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದ ಸೈಕಲ್ ಅಷ್ಟರಲ್ಲಿ 4 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ ನಿಲ್ಲಲು ಇನ್ನೂ 3 ಮೀಟರ್ ಬೇಕು. ಒಟ್ಟು 7 ಮೀಟರ್.

ವೇಗ 30 ಕಿಲೋಮೀಟರ್ ಆದರೆ? ದುಪ್ಪಟ್ಟು, 14 ಮೀಟರ್ ಎಂದು ಹೇಳುವವರೇ ಹೆಚ್ಚು. ಅದು ತಪ್ಪು. ಯೋಚನೆಯ ಸೆಕೆಂಡಿನಲ್ಲಿ ಸಾಗುವ ದೂರ ದುಪ್ಪಟ್ಟಾಗಿ 8 ಮೀಟರ್ ದಾಟುತ್ತದೆ. ಬ್ರೇಕ್ ಹಿಡಿದ ಮೇಲಿನ ದೂರ ಮಾತ್ರ ನಾಲ್ಕು ಪಟ್ಟಾಗಿ ಸುಮಾರು 12 ಮೀಟರ್ ಆಗುತ್ತದೆ. ಏಕೆಂದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಒಟ್ಟು 20 ಮೀಟರ್. ಇಳಿಜಾರಿನಲ್ಲಿ ಗುರುತ್ವಾಕರ್ಷಣೆ ಸೈಕಲನ್ನು ಮುಂದಕ್ಕೆ ಎಳೆಯುತ್ತಲೇ ಇರುವುದರಿಂದ ಇನ್ನೂ ಸ್ವಲ್ಪ ಹೆಚ್ಚು. ಪರೀಕ್ಷೆಯಲ್ಲಿ ಎರಡು ಅಂಕ ತರುವ ಸೂತ್ರವೇ ರಸ್ತೆಯಲ್ಲಿ ಮಂಡಿ ಉಳಿಸುತ್ತದೆ.

ಎರಡು ಬ್ರೇಕ್, ಒಂದು ಮಳೆ

ಬಸ್ಸು ಥಟ್ಟನೆ ನಿಂತರೆ ಪ್ರಯಾಣಿಕರು ಮುಂದಕ್ಕೆ ವಾಲುತ್ತಾರೆ. ಸೈಕಲ್ಲಿನಲ್ಲೂ ಹಾಗೆಯೇ. ಬ್ರೇಕ್ ಹಿಡಿದಾಗ ಭಾರ ಮುಂದಿನ ಚಕ್ರದತ್ತ ಹೋಗಿ ಹಿಂದಿನ ಚಕ್ರ ಹಗುರಾಗುತ್ತದೆ. ಹಿಂದಿನ ಬ್ರೇಕನ್ನಷ್ಟೇ ಬಿಗಿಯಾಗಿ ಹಿಡಿದರೆ ಚಕ್ರ ಉರುಳದೆ ಜಾರುತ್ತದೆ. ಮುಂದಿನದನ್ನಷ್ಟೇ ಜೋರಾಗಿ ಒತ್ತಿದರೆ ಸವಾರನೇ ಹ್ಯಾಂಡಲ್ ದಾಟಿ ಹೋದಾನು. ಎರಡನ್ನೂ ಒಟ್ಟಿಗೆ, ಹಂತಹಂತವಾಗಿ ಒತ್ತುವುದೇ ಸರಿಯಾದ ಕ್ರಮ. ಒಂದು ಬ್ರೇಕ್ ಕಳಚಿದ ಸೈಕಲ್ಲಿನಲ್ಲಿ ತಿಂಗಳುಗಟ್ಟಲೆ ಓಡಾಡುವ ಮಕ್ಕಳು ಎಷ್ಟಿಲ್ಲ!

ಮಳೆ ಬಂದಾಗ ಲೆಕ್ಕವೆಲ್ಲ ಬದಲಾಗುತ್ತದೆ. ರಿಮ್ ಮತ್ತು ಬ್ರೇಕ್ ರಬ್ಬರಿನ ನಡುವೆ ನೀರಿನ ಪದರ ಸೇರಿ ಘರ್ಷಣೆ ಕಡಿಮೆಯಾಗುತ್ತದೆ. ನಿಲ್ಲುವ ದೂರ ಹೆಚ್ಚುತ್ತದೆ. ನೀರು ನಿಂತ ಜಾಗ ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ಹೋದರೆ ರಿಮ್ ಒರೆಸಿದಂತಾಗುತ್ತದೆ. ಬಹುದಿನಗಳ ಮೇಲೆ ಬರುವ ಮೊದಲ ಮಳೆ ಇನ್ನೂ ಮೋಸದ್ದು. ರಸ್ತೆಯ ದೂಳು ಮತ್ತು ವಾಹನಗಳಿಂದ ಸೋರಿದ ಎಣ್ಣೆ ನೀರಿನೊಡನೆ ಬೆರೆತು ಜಾರುತ್ತದೆ. ಪಾದಚಾರಿಗಳಿಗೆಂದು ಬಳಿದ ಬಿಳಿ ಪಟ್ಟೆ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಇವೆರಡರ ಮೇಲೂ ಮಳೆಯಲ್ಲಿ ಬ್ರೇಕ್ ಹಾಕಬಾರದು, ಹ್ಯಾಂಡಲ್ ಹೊರಳಿಸಲೂಬಾರದು.

ಕೆಂಪು ಬಿಲ್ಲೆಯ ಗುಟ್ಟು

ಟ್ಯೂಷನ್ ಮುಗಿಸಿ ಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ಹಿಂದೆ ದೀಪವಿಲ್ಲದೆ ಸೈಕಲ್ ತುಳಿದರೆ ಪೊಲೀಸರು ಹಿಡಿಯುತ್ತಿದ್ದರು. ಎಷ್ಟೋ ಸೈಕಲ್ಲುಗಳಲ್ಲಿ ಈಗ ದೀಪವೂ ಇಲ್ಲ, ಡೈನಮೊವೂ ಇಲ್ಲ. ಉಳಿದಿರುವುದು ಹಿಂದಿನ ಮಡ್‌ಗಾರ್ಡಿನ ಕೆಂಪು ಬಿಲ್ಲೆ ಒಂದೇ. ಅದು ತಾನಾಗಿ ಬೆಳಗುವುದಿಲ್ಲ. ಅದರೊಳಗೆ ಪರಸ್ಪರ ಲಂಬವಾದ ಮೂರು ಮುಖಗಳುಳ್ಳ ನೂರಾರು ಪುಟ್ಟ ಮೂಲೆಗಳಿವೆ. ಅಲ್ಲಿ ಬಿದ್ದ ಬೆಳಕು ಪ್ರತಿಫಲಿಸಿ ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಹಿಂದಿನಿಂದ ಬರುವ ಕಾರಿನ ದೀಪದ ಬೆಳಕು ಆ ಚಾಲಕನ ಕಣ್ಣಿಗೇ ಮರಳುತ್ತದೆ.

ರಾತ್ರಿ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು, ಇಪ್ಪತ್ತು ಅಡಿ ದೂರದಿಂದ ಬಿಲ್ಲೆಯತ್ತ ಬೆಳಕು ಬಿಡಿ. ಅದು ಕೆಂಡದಂತೆ ಹೊಳೆಯುತ್ತದೆ. ದೂರ ಸರಿದು ನಿಂತ ತಮ್ಮನಿಗೋ ತಂಗಿಗೋ ಅದು ಮಂಕಾಗಿಯೇ ಕಾಣುತ್ತದೆ. ಈಗ ಬಿಲ್ಲೆಗೆ ಒಂದಿಷ್ಟು ಕೆಸರು ಬಳಿದು ಮತ್ತೆ ನೋಡಿ. ವಾರಕ್ಕೊಮ್ಮೆ ಅದನ್ನು ಒರೆಸಬೇಕೆಂದು ಮತ್ತೆ ಯಾರೂ ಹೇಳಬೇಕಾಗಿಲ್ಲ. ಆದರೆ ಬೆಳಕು ಬಿದ್ದರೆ ಮಾತ್ರ ಹೊಳೆಯುವ ಈ ಬಿಲ್ಲೆ, ದೀಪಕ್ಕೆ ಬದಲಿಯಲ್ಲ. ಕತ್ತಲಲ್ಲಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು.

ಪೋಷಕರಿಗೆ

ಮಕ್ಕಳನ್ನು ಸೈಕಲ್ಲಿನಲ್ಲಿ ಕಳಿಸಲು ಹೆದರುವ ತಂದೆತಾಯಿಯರನ್ನು ಯಾರೂ ತಪ್ಪೆನ್ನಲಾರರು. ಹಾಗೆಂದು ಹೆದರಿಕೆಯೊಂದೇ ಮಕ್ಕಳನ್ನು ಕಾಯುವುದಿಲ್ಲ. ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ಎರಡೂ ಬ್ರೇಕ್, ಚೈನು, ಟಯರಿನ ಗಾಳಿ, ಬೆಲ್ಲು ನೋಡಬಹುದು. ಶಾಲೆಯ ಚೀಲ ಹ್ಯಾಂಡಲಿಗೆ ತೂಗಿದರೆ ಹೊರಳಿಸುವಾಗ ಅದು ಕೈಯನ್ನು ಎಳೆಯುತ್ತದೆ. ಅದರ ಜಾಗ ಹಿಂದಿನ ಕ್ಯಾರಿಯರ್. ನಿಂತ ಕಾರುಗಳ ಪಕ್ಕದಲ್ಲಿ ಹೋಗುವಾಗ ಬಾಗಿಲು ತೆರೆಯುವಷ್ಟು, ಅಂದರೆ ಸುಮಾರು ಒಂದು ಮೀಟರ್ ಅಂತರ ಬಿಡಬೇಕೆಂದು ಹೇಳಿಕೊಡಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ವಾಹನ ಕಡಿಮೆಯಿರುವ ಒಂದು ಬೆಳಗ್ಗೆ ಮನೆಯಿಂದ ಶಾಲೆಯವರೆಗೆ ಮಗುವಿನೊಡನೆ ಒಮ್ಮೆ ನಡೆದುಹೋಗಿ. ಬಸ್ಸುಗಳು ಎಡಕ್ಕೆ ತಿರುಗುವ ಮೂಲೆಗಳೆಷ್ಟು, ಇಳಿಜಾರು ಎಲ್ಲಿ ಮುಗಿಯುತ್ತದೆ, ಮಳೆನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಗುವೇ ಎಣಿಸಿ ಒಂದು ಹಾಳೆಯಲ್ಲಿ ಗುರುತು ಹಾಕಲಿ. ಆ ನಕ್ಷೆಯನ್ನು ತಾನೇ ಬರೆದ ಮಗು, ಮರುದಿನ ಸೈಕಲ್ಲಿನಲ್ಲಿ ಹೋಗುವಾಗ ಯಾವ ಮೂಲೆಯಲ್ಲಿ ಬಸ್ಸಿನ ಹಿಂದೆ ನಿಲ್ಲಬೇಕೆಂಬುದನ್ನು ಮರೆಯುವುದಿಲ್ಲ.