ಹಂಚಿನ ಕೆಳಗೆ ಇನ್ನೊಂದು ಮಾಳಿಗೆ ಬೇಕಾ?

ಮುಂಡರಗಿಯ ನಮ್ಮ ಹಂಚಿನ ಮನೆಗೆ ಫಾಲ್ಸ್ ಸೀಲಿಂಗ್ ಹಾಕಿಸಬೇಕು ಅಂತ ತಮ್ಮನ ಹಟ. ಅಪ್ಪ ನಿವೃತ್ತಿಯ ದುಡ್ಡು ತೆಗೆದಿಟ್ಟಿದ್ದಾರೆ. ನಾನು ಮಾತ್ರ ಪೂರ್ತಿ ಮನೆಗೆ ಬೇಡ ಅನ್ನೋ ಪಕ್ಷ.

ನಮ್ಮ ಗದಗ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಹಳೇ ಮನೆಗಳು ಹೆಚ್ಚಾಗಿ ಮಣ್ಣಿನ ಮಾಳಿಗೆಯವು. ದಪ್ಪ ಮಣ್ಣೇ ಬಿಸಿಲು ತಡೆಯುತ್ತಿತ್ತು. ಮಂಗಳೂರು ಹಂಚು ಆಮೇಲೆ ಬಂದದ್ದು. ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದದ್ದೇ 1865ರಲ್ಲಿ. ಹಂಚು ತೆಳು. ಅದು ನಂಬಿರೋದು ಎತ್ತರವನ್ನ: ಬಿಸಿಗಾಳಿ ಮೇಲೇರಿ ಸಂದುಗಳಿಂದ ಹೊರಗೆ ಹೋಗುತ್ತೆ.

ಸೀಲಿಂಗ್ ಹಾಕಿದರೆ ಹಂಚಿನ ಕಾವು ನೇರ ತಲೆಗೆ ಬಡಿಯಲ್ಲ, ಒಪ್ಪಿದೆ. ಆದರೆ ಒಡೆದ ಹಂಚು ಕಾಣೋದೇ ಇಲ್ಲ. ಪಿ.ಓ.ಪಿ. ಕಲೆಯಾಗಿ ಉದುರಿದಾಗಲೇ ಗೊತ್ತಾಗೋದು. ಅಲ್ಲಿವರೆಗೆ ಜಂತಿಗೆ ಗೆದ್ದಲು, ಮೇಲೆ ಇಲಿಗಳ ಸಂಸಾರ!

ತಗಡಿನ ಮನೆಯ ಮಾತೇ ಬೇರೆ. ಅಲ್ಲಿ ಸೀಲಿಂಗ್ ಬೇಕೇ ಬೇಕು, ಜೊತೆಗೆ ಮೇಲಿನ ಗಾಳಿ ಹೊರಹೋಗೋಕೆ ಎರಡೂ ಬದಿ ಜಾಲರಿ ಕಿಂಡಿ. ಏಸಿ ಹಾಕುವ ಕೋಣೆಗೂ ಸೀಲಿಂಗೇ ಸರಿ. ತಂಪು ಮಾಡಬೇಕಾದ ಜಾಗ ಕಡಿಮೆಯಾಗುತ್ತೆ.

ಹಾಗಾಗಿ ನನ್ನ ವೋಟು: ಪಡಸಾಲೆ ತೆರೆದೇ ಇರಲಿ, ಎರಡು ಗಾಜಿನ ಹಂಚು ಸೇರಲಿ. ಮಲಗೋ ಕೋಣೆಗಷ್ಟೇ ಸೀಲಿಂಗ್, ಹತ್ತಿ ನೋಡೋಕೆ ಒಂದು ಬಾಗಿಲು. ಉಳಿದ ದುಡ್ಡು ಅಪ್ಪನ ಹತ್ರಾನೇ ಇರಲಿ.

ಹಂಚಿನ ಮನೆಯಲ್ಲಿ ಬೆಳೆದವರು, ನೀವೇನಂತೀರಿ?