ಸಂಘದ ಲೆಕ್ಕವೂ ಮೊಮ್ಮಗಳ ಮೊದಲ ಆ್ಯಪ್ಪೂ



ಮಕ್ಕಳ ಕೈಯಿಂದ ಮೊಬೈಲು ಬಿಡಿಸುವ ಉಪಾಯವನ್ನು ತಿಳಿಸಿರೆಂದು ತಾಯಂದಿರು ನಮ್ಮನ್ನು ಆಗಾಗ ಕೇಳುವುದುಂಟು. ಅಂಥ ಉಪಾಯ ನಮ್ಮಲ್ಲಿಲ್ಲ. ನಮ್ಮ ಮನೆಯಲ್ಲಿಯೇ ಆ ಯತ್ನ ಸೋತಿದೆ. ಆದರೆ ಮೊಬೈಲನ್ನು ನೋಡುತ್ತ ಕೂಡ್ರುವುದು ಬೇರೆ, ಅದರಲ್ಲಿ ನಡೆಯುವ ಒಂದು ಸಾಧನವನ್ನು ತಾನೇ ಕಟ್ಟುವುದು ಬೇರೆ. ಈ ಎರಡನೆಯದನ್ನು ಹತ್ತಿರದಿಂದ ಕಾಣುವ ಸಂದರ್ಭ ಕಳೆದ ವರ್ಷ ಶ್ರಾವಣ ಮಾಸದ ಪ್ರವಚನಕ್ಕೆಂದು ಸಂಶಿಗೆ ಹೋಗಿದ್ದಾಗ ನಮಗೆ ಒದಗಿತು. ಅದರಲ್ಲಿ ನಮ್ಮದೊಂದು ತಪ್ಪೂ ಸೇರಿಕೊಂಡಿರುವುದರಿಂದ ಅದನ್ನು ಬರೆಯದೆ ಬಿಡುವುದು ಸರಿಯಲ್ಲವೆನಿಸಿದೆ.

ಸಂಶಿಯು ಕುಂದಗೋಳ ತಾಲೂಕಿನ ಎರಿಭೂಮಿಯ ಊರು. ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಅದಕ್ಕೊಂದು ನಿಲ್ದಾಣವಿದೆ. ಮುಂಗಾರಿನಲ್ಲಿ ಹೆಸರು, ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ದುಡ್ಡು ಬರುವುದು ಪೀಕು ಕೈಗೆ ಬಂದಾಗ, ಖರ್ಚು ಮಾತ್ರ ವರ್ಷದ ಉದ್ದಕ್ಕೂ. ಈ ನಡುವಿನ ಅಡಚಣೆಯ ದಿನಗಳಲ್ಲಿ ಮನೆಗಳಿಗೆ ಆಸರೆಯಾಗಿರುವವು ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು. ಕೂಡಿ ಉಳಿಸಿ, ಕೂಡಿಯೇ ಸಾಲ ಕೊಡುವ ಪದ್ಧತಿ ನಮ್ಮ ಸೀಮೆಗೆ ಹೊಸತಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವು 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿತು. ಗದಗವು ಆಗ ಧಾರವಾಡ ಜಿಲ್ಲೆಯಲ್ಲಿಯೇ ಇದ್ದಿತು. ಹೆಣ್ಣುಮಕ್ಕಳ ಸಣ್ಣ ಗುಂಪುಗಳಿಗಾದರೋ 1992ರಲ್ಲಿ ನಬಾರ್ಡ್ ಆರಂಭಿಸಿದ ಬ್ಯಾಂಕ್ ಜೋಡಣೆಯಿಂದಲೂ 2000-01ರಲ್ಲಿ ರಾಜ್ಯ ಸರ್ಕಾರ ತಂದ ಸ್ತ್ರೀಶಕ್ತಿ ಯೋಜನೆಯಿಂದಲೂ ಬಲ ಬಂದಿತು.

ನಾವು ಇಳಿದುಕೊಂಡಿದ್ದ ಮನೆಯ ಹಿರಿಯ ತಾಯಿಯವರು ಅಂಥದೊಂದು ಸಂಘದ ಲೆಕ್ಕ ಬರೆಯುವವರು. ಓದಿದ್ದು ನಾಲ್ಕನೆಯ ಇಯತ್ತೆ. ಸದಸ್ಯರು 15 ಜನ, ವಾರಕ್ಕೆ ತಲಾ 50 ರೂಪಾಯಿ ಉಳಿತಾಯ, ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಉದ್ದನೆಯ ಕೆಂಪು ರಟ್ಟಿನ ಪುಸ್ತಕದಲ್ಲಿ ಅವರು ಬರೆದ ಅಂಕಿಗಳು ಜೋಳದ ಕಾಳು ಪೋಣಿಸಿದಂತೆ ಇವೆ. ಆದರೆ ಈಚೆಗೆ ಕಣ್ಣಿಗೆ ಪೊರೆ ಬಂದು, ಕೂಡಿಸುವಾಗ ಸಾಲು ತಪ್ಪತೊಡಗಿತ್ತು. ದಿನಾಲು ರೈಲಿನಲ್ಲಿ ಹುಬ್ಬಳ್ಳಿಯ ಕಾಲೇಜಿಗೆ ಹೋಗಿಬರುವ ಅವರ ಮೊಮ್ಮಗಳು ಇದನ್ನು ಕಂಡು, ಲೆಕ್ಕಕ್ಕೊಂದು ಆ್ಯಪ್ ಮಾಡುವೆನೆಂದು ಹೊರಟಳು. ಅವಳು ಓದುತ್ತಿರುವುದು ಬಿ.ಕಾಂ. ಆ್ಯಪ್ ಕಟ್ಟುವ ವಿದ್ಯೆಯ ಗಂಧವೂ ಇರಲಿಲ್ಲ.

ಹುಡುಗಿಯ ಮೊದಲ ಸಂಕಲ್ಪ ಬಲು ದೊಡ್ಡದಿತ್ತು. ರಾಜ್ಯದ ಎಲ್ಲ ಸಂಘಗಳಿಗೂ ಆಗುವಂಥದು, ಅದರಲ್ಲಿಯೇ ಹಣ ಕಳಿಸುವ ಸೌಕರ್ಯ, ಪೇಟೆಯ ಧಾರಣೆ, ಸದಸ್ಯರ ಭಾವಚಿತ್ರ, ಹೀಗೆ ನೋಟುಬುಕ್ಕಿನ ಆರು ಪುಟ ತುಂಬಿದ್ದವು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ಮದಲ ನನ್ನ ಹದಿನೈದ ಮಂದೀದು ಕೂಡಸವ್ವ, ಉಳದದ್ದು ಆಮ್ಯಾಲ ನೋಡೂಣು" ಎಂದರು. ಆರು ಪುಟ ಒಂದು ಪುಟಕ್ಕೆ ಇಳಿಯಿತು: ವಾರದ ಉಳಿತಾಯ ಬರೆದುಕೊಳ್ಳಬೇಕು, ಕೂಡಿಸಬೇಕು, ಯಾರದು ಎಷ್ಟು ಎಂದು ದೊಡ್ಡ ಅಕ್ಷರದಲ್ಲಿ ತೋರಿಸಬೇಕು. ನಮ್ಮ ಅಲ್ಪಮತಿಗೆ ತೋಚಿದಂತೆ, ಆ ಕೆಲಸ ಮುಗಿಯಲು ಕಾರಣವಾದದ್ದು ಈ ಒಂದು ಮಾತೇ.

ಅವಳು ಆಯ್ದುಕೊಂಡ ಸಾಧನದ ಹೆಸರು ಆ್ಯಪ್ ಇನ್ವೆಂಟರ್. ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯ ಪ್ರಾಧ್ಯಾಪಕ ಹಾಲ್ ಏಬಲ್‌ಸನ್ನರು ಗೂಗಲ್ ಸಂಸ್ಥೆಯಲ್ಲಿ ಕೆಲಕಾಲ ಇದ್ದಾಗ ಇದನ್ನು ರೂಪಿಸಿದರು. 2010ರಲ್ಲಿ ಹೊರಬಂದ ಇದನ್ನು 2012ರಿಂದ ಎಂಐಟಿಯವರೇ ನಡೆಸಿಕೊಂಡು ಬರುತ್ತಿದ್ದಾರೆ. ಶುಲ್ಕವಿಲ್ಲ. ಗಣಕಯಂತ್ರದ ಭಾಷೆಯನ್ನು ಸಾಲುಸಾಲಾಗಿ ಬರೆಯುವ ಬದಲು, ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಆಜ್ಞೆಗಳನ್ನು ಕಟ್ಟುವುದು ಇದರ ಕ್ರಮ. "ಈ ಗುಂಡಿಯನ್ನು ಒತ್ತಿದಾಗ" ಎಂಬುದೊಂದು ತುಂಡು. ಅದರ ಹೊಟ್ಟೆಯೊಳಗೆ "ಈ ಅಂಕಿಯನ್ನು ಆ ಅಂಕಿಗೆ ಕೂಡಿಸು" ಎಂಬ ಇನ್ನೊಂದು ತುಂಡು. ಹೊಂದದ ತುಂಡುಗಳು ಕೂಡುವುದೇ ಇಲ್ಲ. ಒಂದು ಪರದೆಯಲ್ಲಿ ಆ್ಯಪ್ಪಿನ ಮುಖವನ್ನು ಜೋಡಿಸುವುದು, ಇನ್ನೊಂದರಲ್ಲಿ ಅದರ ಬುದ್ಧಿಯನ್ನು ಜೋಡಿಸುವುದು. ಕಟ್ಟುತ್ತಿರುವಾಗಲೇ ಕೈಯಲ್ಲಿನ ಮೊಬೈಲಿನಲ್ಲಿ ಅದು ನಡೆಯುವುದನ್ನು ನೋಡಬಹುದು. ಚಿಕ್ಕಂದಿನಲ್ಲಿ ಮಠದ ಪಾಠಶಾಲೆಯಲ್ಲಿ ಸಂಧಿ ಬಿಡಿಸಿ ಮತ್ತೆ ಕೂಡಿಸುತ್ತಿದ್ದ ನಮಗೆ ಈ ಆಟ ತೀರ ಅಪರಿಚಿತವೆನಿಸಲಿಲ್ಲ.

ಆದರೂ ತುಂಡು ಹೊಂದಿದ ಮಾತ್ರಕ್ಕೆ ಅರ್ಥ ಹೊಂದಬೇಕೆಂಬ ನಿಯಮವಿಲ್ಲ. ಮೊದಲ ದಿನ 50ಕ್ಕೆ 100 ಕೂಡಿಸಿದಾಗ ಪರದೆಯ ಮೇಲೆ 50100 ಎಂದು ಬಂದಿತು. ಹುಡುಗಿ ಎರಡು ತಾಸು ತಲೆ ಕೆಡಿಸಿಕೊಂಡಳು. ಕೊನೆಗೆ ತಿಳಿದದ್ದೇನೆಂದರೆ, ಅಂಕಿಗಳನ್ನು ಕೂಡಿಸುವ ನೀಲಿ ತುಂಡಿನ ಬದಲು, ಅಕ್ಷರಗಳನ್ನು ಪಕ್ಕಪಕ್ಕಕ್ಕೆ ಅಂಟಿಸುವ ತುಂಡನ್ನು ಹಾಕಿದ್ದಳು. ಅಜ್ಜಿ ಮಾತ್ರ, "ಐವತ್ತ ಸಾವಿರದ ನೂರು! ಹಂಗ ಇರಲಿ ಬಿಡವ್ವಾ, ತೆಗೀಬ್ಯಾಡ" ಎಂದು ನಕ್ಕರು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಆ್ಯಪ್ಪಿನ ಗುಂಡಿಗಳ ಮೇಲೆ ಅವಳು ಕನ್ನಡದಲ್ಲಿ ಬರೆದದ್ದು ಎಲ್ಲರ ಮೊಬೈಲಿನಲ್ಲಿಯೂ ಕನ್ನಡವಾಗಿಯೇ ಕಾಣಿಸಿತು. ಇದು ಈಗಿನ ಹುಡುಗರಿಗೆ ಸಹಜ. ಒಂದು ಯಂತ್ರದಲ್ಲಿ ಬೆರಳಚ್ಚು ಮಾಡಿದ ನಮ್ಮ ಲೇಖನ ಇನ್ನೊಂದರಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿದ್ದ ದಿನಗಳನ್ನು ಕಂಡವರು ನಾವು. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಕೊಟ್ಟದ್ದು, ಜಗತ್ತಿನ ಲಿಪಿಗಳಿಗೆಲ್ಲ ಸ್ಥಾನ ಗೊತ್ತುಮಾಡುವ ಯೂನಿಕೋಡಿನಲ್ಲಿ 1991ರಿಂದ ಕನ್ನಡ ಸೇರಿದ್ದು, ಇವೆಲ್ಲದರ ಫಲವನ್ನು ಸಂಶಿಯ ಹುಡುಗಿ ಅರಿಯದೆಯೇ ಉಣ್ಣುತ್ತಿದ್ದಾಳೆ. ಉಣ್ಣಲಿ.

ಗುಂಡಿಗಳ ಮೇಲಿನ ಶಬ್ದಗಳನ್ನು ತಿದ್ದಿಕೊಡುವ ಕೆಲಸ ನಮ್ಮ ಪಾಲಿಗೆ ಬಂದಿತು. ಪಂಡಿತರಾದ ನಮಗೆ ಇದಕ್ಕಿಂತ ಸಂತೋಷವುಂಟೆ? "ಸಂಚಿತ ಧನ", "ಋಣಶೇಷ" ಎಂದೆಲ್ಲ ಬರೆದುಕೊಟ್ಟೆವು. ಸಂಘದ ತಾಯಂದಿರು ಓದಿ ಸುಮ್ಮನೆ ಕುಳಿತರು. ಹುಡುಗಿ ಮೆಲ್ಲಗೆ, "ಅಜ್ಜಾರ, ಉಳಿತಾಯ, ಸಾಲ, ಬಡ್ಡಿ, ಕಂತು ಅಂತ ಇದ್ರ ಸಾಕ್ರಿ" ಎಂದಳು. ಒಪ್ಪಿದೆವು. ಆದರೆ ಹಣ ಕೊಡದೆ ಉಳಿದವರ ಪಟ್ಟಿಗೆ ನಾವು ಸೂಚಿಸಿದ "ಬಾಕಿದಾರರು" ಎಂಬ ಶಬ್ದ ಮಾತ್ರ ಉಳಿದುಕೊಂಡಿತು. ಅದೇ ನಮ್ಮ ತಪ್ಪು.

ಹುಡುಗಿ ಉತ್ಸಾಹದಿಂದ ಆ್ಯಪ್ಪಿಗೆ ಒಂದು ಬುದ್ಧಿ ಕಲಿಸಿದ್ದಳು: ವಾರದ ಹಣ ಬರದಿದ್ದರೆ ತಾನಾಗಿಯೇ 5 ರೂಪಾಯಿ ದಂಡ ಹಾಕಿ, ಹೆಸರನ್ನು ಕೆಂಪಕ್ಷರದಲ್ಲಿ ತೋರಿಸುವುದು. ಸಂಘದ ಠರಾವಿನಲ್ಲಿ ದಂಡದ ಮಾತು ಇದ್ದೇ ಇತ್ತು. ಆದುದರಿಂದ ಅವಳದು ತಪ್ಪೆನ್ನಲಾಗದು. ನಾಲ್ಕನೆಯ ವಾರದ ಸಭೆಯಲ್ಲಿ ಮೊಬೈಲನ್ನು ಎಲ್ಲರ ಕೈಗೂ ದಾಟಿಸಿದರು. ಕೆಂಪಕ್ಷರದಲ್ಲಿ ಒಂದೇ ಹೆಸರು. ಆ ತಾಯಿಯ ಗಂಡ ತೀರಿಕೊಂಡು ಹದಿನೆಂಟು ದಿನಗಳಾಗಿದ್ದವು. ಎರಡು ವಾರದ ಹಣ ಬಂದಿರಲಿಲ್ಲ. "ಬಾಕಿದಾರರು" ಎಂಬ ತಲೆಬರಹದ ಕೆಳಗೆ ತನ್ನೊಬ್ಬಳದೇ ಹೆಸರು, ಪಕ್ಕದಲ್ಲಿ ದಂಡ 10 ರೂಪಾಯಿ ಎಂದು ಓದಿಕೊಂಡ ಆಕೆ ಮಾತಾಡಲಿಲ್ಲ. ಮೊಬೈಲನ್ನು ಪಕ್ಕದವರಿಗೆ ಕೊಟ್ಟು, ಸೆರಗು ಸರಿಪಡಿಸಿಕೊಂಡು ಎದ್ದುಹೋದಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಅಜ್ಜಿಯ ಕೆಂಪು ಪುಸ್ತಕದಲ್ಲಿ ಅದೇ ಎರಡು ವಾರಗಳ ಎದುರಿಗೆ ಏನಿತ್ತೆಂದು ನಾವು ತೆಗೆದು ನೋಡಿದೆವು. ಖಾಲಿ ಬಿಟ್ಟಿದ್ದರು. ದಂಡವಿಲ್ಲ, ಗುರುತಿಲ್ಲ, ಪೆನ್ಸಿಲ್ಲಿನ ಸಣ್ಣದೊಂದು ಚುಕ್ಕೆ ಮಾತ್ರ. ಅದೇನೆಂದು ಕೇಳಿದ್ದಕ್ಕೆ, "ಅದು ನನಗ ಗೊತ್ತಿರಲಿ ಅಂತ್ರಿ ಅಜ್ಜಾರ. ಹೆಸರು ಬಂದಮ್ಯಾಲ ಕೊಡ್ತಾಳ. ಅಕೀನ ಯಾರೂ ಕೇಳಂಗಿಲ್ಲ" ಎಂದರು. ಇಪ್ಪತ್ತು ವರ್ಷಗಳಿಂದ ಆ ಪುಸ್ತಕದಲ್ಲಿ ಇಂಥ ಎಷ್ಟು ಚುಕ್ಕೆಗಳು ಇದ್ದಾವೋ! ಹುಡುಗಿ ಠರಾವನ್ನು ಓದಿದ್ದಳು, ಚುಕ್ಕೆಗಳನ್ನು ಓದಿರಲಿಲ್ಲ. ನಾವಾದರೋ ಎರಡನ್ನೂ ಓದದೆ ಶಬ್ದ ಕೊಟ್ಟಿದ್ದೆವು.

ಆ ರಾತ್ರಿಯೇ ಅವಳು ಕೆಂಪಕ್ಷರವನ್ನೂ ದಂಡದ ತುಂಡುಗಳನ್ನೂ ತೆಗೆದುಹಾಕಿದಳು. ಯಾರ ಲೆಕ್ಕ ಅವರಿಗೆ ಮಾತ್ರ ಕಾಣುವಂತೆ, ಹೆಸರು ಆರಿಸಿದಾಗ ಒಬ್ಬರದೇ ಪುಟ ತೆರೆಯುವಂತೆ ಬದಲಿಸಿದಳು. ಮರುದಿನ ಅಜ್ಜಿ, ಮೊಮ್ಮಗಳು, ನಾವು ಮೂವರೂ ಆ ತಾಯಿಯ ಮನೆಗೆ ಹೋದೆವು. ಶಬ್ದ ನಮ್ಮದೆಂದು ನಾವು ಒಪ್ಪಿಕೊಂಡೆವು. ಆಕೆ ಚಹಾ ಮಾಡಿಕೊಟ್ಟಳು, ಬೇರೇನೂ ಹೇಳಲಿಲ್ಲ. ಭಾದ್ರಪದದಲ್ಲಿ ಮತ್ತೆ ಸಭೆಗೆ ಬರತೊಡಗಿದಳೆಂದು ತಿಳಿಯಿತು.

ಇನ್ನೊಂದು ಅವಘಡವನ್ನು ಸಂಕ್ಷೇಪವಾಗಿ ಹೇಳುವೆವು, ಏಕೆಂದರೆ ಹೊಸದಾಗಿ ಆ್ಯಪ್ ಕಟ್ಟುವ ಮಕ್ಕಳಿಗೆ ಇದು ಉಪಯೋಗವಾದೀತು. ಹುಡುಗಿ ಮೊದಲು ಅಣ್ಣನ ಇ-ಮೇಲ್ ಖಾತೆಯಿಂದ ಆ್ಯಪ್ ಕಟ್ಟಿದ್ದಳು; ಆಮೇಲೆ ತನ್ನದೇ ಖಾತೆಗೆ ಸಾಗಿಸಿಕೊಂಡಳು. ಪ್ರತಿಯೊಂದು ಆ್ಯಪ್ಪಿಗೂ ಕಟ್ಟಿದವರ ಖಾತೆಯ ಗುಪ್ತ ಮುದ್ರೆಯೊಂದು ಬೀಳುತ್ತದೆ. ಮುದ್ರೆ ಬೇರೆಯಾದರೆ, ಹಳೆಯದರ ಮೇಲೆ ಹೊಸದನ್ನು ಕೂಡ್ರಿಸಲು ಮೊಬೈಲು ಒಪ್ಪುವುದಿಲ್ಲ. ಅವಳು ಹಳೆಯದನ್ನು ತೆಗೆದು ಹೊಸದನ್ನು ಹಾಕಿದಳು. ಲೆಕ್ಕವೆಲ್ಲ ಆ ಹಳೆಯ ಆ್ಯಪ್ಪಿನ ಹೊಟ್ಟೆಯೊಳಗೇ ಇತ್ತು; ಅದರೊಡನೆ ಒಂಬತ್ತು ವಾರದ ಲೆಕ್ಕವೂ ಅಳಿಸಿಹೋಯಿತು. ಹುಡುಗಿ ಆ ದಿನ ಊಟ ಮಾಡಲಿಲ್ಲವಂತೆ. ಅಜ್ಜಿ ಕೆಂಪು ಪುಸ್ತಕ ತಂದು ಮುಂದಿಟ್ಟರು. ಆ್ಯಪ್ ಬಂದ ಮೇಲೂ ಅವರು ಬರೆಯುವುದನ್ನು ಒಂದು ವಾರವೂ ಬಿಟ್ಟಿರಲಿಲ್ಲ. ಈಗ ಪ್ರತಿ ಸಭೆಯ ಕೊನೆಗೆ ಲೆಕ್ಕದ ಪ್ರತಿಯೊಂದು ಬೇರೊಂದು ಕಡತವಾಗಿ ಅಣ್ಣನ ಮೊಬೈಲಿಗೂ ಹೋಗುವಂತೆ ಮಾಡಿದ್ದಾಳೆ.

ಇದನ್ನು ಗೂಗಲ್‌ನ ಪ್ಲೇ ಸ್ಟೋರಿಗೆ ಹಾಕಿ ನಾಡಿಗೆಲ್ಲ ಕೊಡಬಾರದೆ ಎಂದು ಕೆಲವರು ಕೇಳಿದರು. ಅದಕ್ಕೆ ಒಮ್ಮೆ 25 ಡಾಲರ್ ಕಟ್ಟಬೇಕು. ಅಲ್ಲದೆ 2023ರ ನವೆಂಬರಿನ ನಂತರ ಸ್ವಂತ ಹೆಸರಿನಲ್ಲಿ ಖಾತೆ ತೆರೆದವರು, ಮೊದಲು 20 ಜನರಿಂದ ಸತತ 14 ದಿನ ಆ್ಯಪ್ಪನ್ನು ಬಳಸಿ ನೋಡಿಸಬೇಕೆಂಬ ನಿಯಮ ಬಂದಿತು; 2024ರ ಕೊನೆಯಲ್ಲಿ ಆ ಸಂಖ್ಯೆಯನ್ನು 12ಕ್ಕೆ ಇಳಿಸಲಾಯಿತು. ನಮ್ಮ ಸಂಘದಲ್ಲಿ 15 ಜನರಿದ್ದಾರಲ್ಲ ಎಂದೆವು. "ಅವರೊಳಗ ಆಂಡ್ರಾಯ್ಡ್ ಮೊಬೈಲ ಇರೋದು ಆರ ಮಂದಿ ಹತ್ರ ಅಜ್ಜಾರ" ಎಂದಳು ಹುಡುಗಿ. ಸದ್ಯಕ್ಕೆ ಅದು ಹಾಗೆಯೇ ಇದೆ. ಪಕ್ಕದ ಓಣಿಯ ಸಂಘದವರು ಕೇಳಿದ್ದಾರೆ. ಅವರ ಪುಸ್ತಕವನ್ನು ಮೊದಲು ಓದಿ ಬರುವೆನೆಂದು ಹೇಳಿದ್ದಾಳೆ.

ಕಳೆದ ತಿಂಗಳು ಸಂಶಿಗೆ ಹೋದಾಗ ಸಂಘದ ಸಭೆಯಲ್ಲಿ ಕುಳಿತಿದ್ದೆವು. ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆ. ಅವರು ಪುಸ್ತಕದಲ್ಲಿ ಬರೆದರು, ಮೊಮ್ಮಗಳು ಮೊಬೈಲಿನಲ್ಲಿ ಬರೆದಳು. ಕೊನೆಗೆ ಎರಡನ್ನೂ ತಾಳೆ ನೋಡಿದಾಗ 10 ರೂಪಾಯಿಯ ಅಂತರ ಬಂದಿತು. ಹುಡುಗಿಯ ಮುಖ ಸಪ್ಪಗಾಯಿತು. ಅಜ್ಜಿ ಡಬ್ಬಿಯಲ್ಲಿದ್ದ ರೊಕ್ಕವನ್ನು ಚಾಪೆಯ ಮೇಲೆ ಸುರಿದು ಎರಡು ಸಲ ಎಣಿಸಿದರು, ಪುಸ್ತಕದ ಸಾಲನ್ನು ಬೆರಳಿಟ್ಟು ಮೇಲಿನಿಂದ ಕೂಡಿಸಿದರು. "ನಂದ ತಪ್ಪೈತಿ ತಂಗಿ" ಎಂದು ತಮ್ಮ ಅಂಕಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಇಬ್ಬರು ಸದಸ್ಯರ ಸಹಿ ಹಾಕಿಸಿದರು. ಅನಂತರ ಚುರಮುರಿ ಬಂದಿತು.